ಸೈರನ್ ಕೂಗಿತು, ಫೋನ್ ಏಕೆ ಬರಲಿಲ್ಲ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಒಂದು ಕೃಷಿ ಪತ್ತಿನ ಸಹಕಾರ ಸಂಘದ ಕಾರ್ಯದರ್ಶಿ. ನಮ್ಮ ಕಟ್ಟಡದಲ್ಲಿ ಕಚೇರಿ, ರೈತರು ಅಡವಿಟ್ಟ ಒಡವೆಗಳಿರುವ ಲಾಕರ್ ಕೋಣೆ, ಹಿಂಬದಿಯಲ್ಲಿ ಗೊಬ್ಬರದ ಗೋದಾಮು ಇವೆ. ಐದು ವರ್ಷದ ಹಿಂದೆ ಕಳ್ಳರ ಅಲಾರಂ ಹಾಕಿಸಿದ್ದೆವು. ಕಳೆದ ತಿಂಗಳು ಒಂದು ರಾತ್ರಿ ಯಾರೋ ಹಿಂದಿನ ಕಿಟಕಿಯ ಸರಳು ಕತ್ತರಿಸಿದರು. ಸೈರನ್ ಕೂಗಿತು, ಅವರು ಓಡಿಹೋದರು. ಆದರೆ ಅಧ್ಯಕ್ಷರಿಗಾಗಲಿ ನನಗಾಗಲಿ ಫೋನ್ ಕರೆ ಬರಲೇ ಇಲ್ಲ. ವಿಷಯ ತಿಳಿದದ್ದು ಬೆಳಿಗ್ಗೆ. ಅಂದು ಸಂಜೆಯಿಂದ ಕರೆಂಟ್ ಇರಲಿಲ್ಲ, ಕಾವಲುಗಾರರು ರಜೆಯಲ್ಲಿದ್ದರು. ಅಲಾರಂ ಹಾಕಿದವರು ಮರುದಿನ ಬಂದು ಪರೀಕ್ಷಿಸಿ, ‘ಎಲ್ಲ ಸರಿಯಿದೆ, ಅಂದು ಸಿಗ್ನಲ್ ಇರಲಿಲ್ಲ’ ಎಂದರು. ಇನ್ನೂ ದೊಡ್ಡ ಸೈರನ್ ಹಾಕಿಸೋಣ ಎಂಬುದು ಆಡಳಿತ ಮಂಡಳಿಯ ಮಾತು. ಹತ್ತಿರದ ಮನೆ ಸುಮಾರು 300 ಮೀಟರ್ ದೂರದಲ್ಲಿದೆ. ಏನು ಮಾಡಿದರೆ ಸುದ್ದಿ ಖಂಡಿತವಾಗಿ ನಮ್ಮನ್ನು ತಲುಪುತ್ತದೆ? ಹಲವು ಕಟ್ಟಡಗಳ ಅಲಾರಂಗಳನ್ನು ದೂರದಿಂದಲೇ ಗಮನಿಸುವ ಮೈಸೂರಿನ ನಿಗಾ ಕೇಂದ್ರವೊಂದಕ್ಕೆ ತಿಂಗಳ ಹಣ ಕಟ್ಟಬೇಕೇ, ಮೊಬೈಲ್ ಆ್ಯಪ್ ಸಾಕೇ? ಅಲಾರಂ ಸರಿಯಾದರೆ ಕಾವಲುಗಾರರ ಅಗತ್ಯ ಇರುತ್ತದೆಯೇ?

ಉತ್ತರ: ನಿಮ್ಮ ಪತ್ರದ ಒಂದು ಸಾಲನ್ನು ನಾನು ಮೂರು ಬಾರಿ ಓದಿದೆ: ‘ಅಂದು ಸಂಜೆಯಿಂದ ಕರೆಂಟ್ ಇರಲಿಲ್ಲ.’ ಸಿಗ್ನಲ್ ಇರಲಿಲ್ಲ ಎಂಬ ಸಮಜಾಯಿಷಿಯನ್ನು ಒಪ್ಪಿಕೊಳ್ಳುವ ಮೊದಲು ಈ ಸಾಲಿನ ಬಳಿ ಸ್ವಲ್ಪ ನಿಲ್ಲೋಣ. ಇಡೀ ಅಲಾರಂ ನಡೆಸುವ ಮಿದುಳೇ ಪ್ಯಾನೆಲ್. ಐದು ವರ್ಷದ ಹಿಂದೆ ಹಾಕಿದ ಪ್ಯಾನೆಲ್ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಅದರ ಆಯಸ್ಸು ಮೂರರಿಂದ ಐದು ವರ್ಷ. ಅದೂ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ. ಸುತ್ತಲಿನ ಬಿಸಿ 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧವಾಗುತ್ತದೆ. ಗೋದಾಮಿನ ಶೀಟಿನ ಚಾವಣಿಯ ಕೆಳಗೆ ಮಂಡ್ಯದ ಏಪ್ರಿಲ್ ಹೇಗಿರುತ್ತದೆ ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ. ಆ ಬ್ಯಾಟರಿಯನ್ನು ಇದುವರೆಗೆ ಒಮ್ಮೆಯೂ ಬದಲಿಸಿರದಿದ್ದರೆ, ಅಂದು ರಾತ್ರಿ ನಡೆದದ್ದು ಹೀಗಿರಬೇಕೆಂದು ನನ್ನ ಬಲವಾದ ಅನುಮಾನ.

ಸಂಜೆ ಕರೆಂಟ್ ಹೋಯಿತು. ಮುದಿ ಬ್ಯಾಟರಿ ಪ್ಯಾನೆಲ್ಲನ್ನೂ ಸೆನ್ಸರುಗಳನ್ನೂ ಹೇಗೋ ಎಳೆದುಕೊಂಡು ಬಂತು. ಕಿಟಕಿ ಅಲುಗಿದಾಗ ಸೈರನ್ ಎದ್ದಿತು, ಅದೊಂದೇ ಸುಮಾರು 1 ಆಂಪಿಯರ್ ಎಳೆಯುತ್ತದೆ. ಅದೇ ಕ್ಷಣಕ್ಕೆ ಸಿಮ್ ಇರುವ ಮಾಡ್ಯೂಲ್ ಕರೆ ಮಾಡಲು ಹೊರಟಿತು. ಹಳೆಯ 2ಜಿ ಮಾಡ್ಯೂಲುಗಳು ಸಂಕೇತ ಕಳಿಸುವಾಗ ಕಣ್ಣು ಮಿಟುಕಿಸುವಷ್ಟೂ ಇರದ ಸಣ್ಣ ಸಣ್ಣ ತುಣುಕುಗಳಲ್ಲಿ 2 ಆಂಪಿಯರ್‌ವರೆಗೆ ಕೇಳುತ್ತವೆ. ಟವರ್ ದೂರವಿದ್ದಷ್ಟೂ ಈ ಹಸಿವು ಹೆಚ್ಚು. ಬ್ಯಾಟರಿಯ ವೋಲ್ಟೇಜು ಕುಸಿದು ಮಾಡ್ಯೂಲ್ ಆರಿಹೋಯಿತು, ಮತ್ತೆ ಹೊತ್ತಿಕೊಂಡಿತು, ಟವರನ್ನು ಹುಡುಕಿತು, ಕರೆ ಮಾಡಲು ಹೋಗಿ ಮತ್ತೆ ಆರಿತು. ಸೈರನ್ ಮಾತ್ರ ಕೂಗುತ್ತಲೇ ಇತ್ತು, ಏಕೆಂದರೆ ವೋಲ್ಟೇಜು ತಗ್ಗಿದರೂ ಅದು ಸ್ವಲ್ಪ ದನಿ ತಗ್ಗಿಸಿ ಕೂಗಬಲ್ಲದು. ಮರುದಿನ ದುರಸ್ತಿಯವರು ಬಂದಾಗ ಕರೆಂಟ್ ಇತ್ತು. ಹಾಗಾಗಿ ಎಲ್ಲವೂ ಸರಿಯಾಗಿಯೇ ಕಂಡಿತು.

ಇದನ್ನು ನೀವೇ ಪರೀಕ್ಷಿಸಬಹುದು. ಒಂದು ಮಧ್ಯಾಹ್ನ ಪ್ಯಾನೆಲ್ಲಿನ ಕರೆಂಟ್ ಸ್ವಿಚ್ ಆರಿಸಿ, ಆರು ಗಂಟೆ ಹಾಗೆಯೇ ಬಿಡಿ. ರಾತ್ರಿ ಅದೇ ಕಿಟಕಿಯ ಸೆನ್ಸರನ್ನು ಎಬ್ಬಿಸಿ, ಸೈರನ್ ಕೂಗುತ್ತಿರುವಾಗಲೇ ಕರೆ ಬರುತ್ತದೆಯೇ ನೋಡಿ. ಕರೆಂಟ್ ಇರುವಾಗ, ಸೈರನ್ನಿನ ತಂತಿ ಕಳಚಿ, ಹಗಲಲ್ಲಿ ಮಾಡಿದ ಪರೀಕ್ಷೆ ಪರೀಕ್ಷೆಯೇ ಅಲ್ಲ. ಕರೆಂಟ್ ಕೊಟ್ಟೂ ಕರೆ ಬರದಿದ್ದರೆ ಸಿಮ್ ನೋಡಿ. ರೀಚಾರ್ಜ್ ಮುಗಿದು ಎಷ್ಟೋ ದಿನವಾಗಿ ಸಂಖ್ಯೆಯೇ ರದ್ದಾಗಿರಬಹುದು. ಇನ್ನೊಂದು ಸಾಮಾನ್ಯ ತಪ್ಪೆಂದರೆ 2ಜಿ ಮಾಡ್ಯೂಲಿಗೆ ಜಿಯೋ ಸಿಮ್ ಹಾಕುವುದು. ಜಿಯೋದಲ್ಲಿ 2ಜಿ ಜಾಲವೇ ಇಲ್ಲ, ಮೊಬೈಲಿನಲ್ಲಿ ಚೆನ್ನಾಗಿ ನಡೆಯುವ ಸಿಮ್ ಆ ಪೆಟ್ಟಿಗೆಯಲ್ಲಿ ಸತ್ತಂತೆ ಬಿದ್ದಿರುತ್ತದೆ. ಆಂಟೆನಾವನ್ನು ತಗಡಿನ ಪೆಟ್ಟಿಗೆಯೊಳಗೇ ಸುತ್ತಿಟ್ಟು ಹೋಗಿರುವುದನ್ನೂ ನಾನು ಬಹಳ ಕಡೆ ಕಂಡಿದ್ದೇನೆ.

ಇನ್ನು ದೊಡ್ಡ ಸೈರನ್ನಿನ ಮಾತು. ಮಂಡಳಿಯವರ ಮುಂದೆ ಈ ಲೆಕ್ಕ ಇಡಿ. ಒಳ್ಳೆಯ ಸೈರನ್ 1 ಮೀಟರ್ ದೂರದಲ್ಲಿ ಸುಮಾರು 110 ಡೆಸಿಬೆಲ್ ಕೂಗುತ್ತದೆ. ದೂರ ಇಮ್ಮಡಿಯಾದಾಗಲೆಲ್ಲ 6 ಡೆಸಿಬೆಲ್ ಕಡಿಮೆಯಾಗುತ್ತಾ ಹೋಗಿ 300 ಮೀಟರಿನಲ್ಲಿ ಉಳಿಯುವುದು 60. ಅದು ಇಬ್ಬರು ಎದುರುಬದುರು ಕುಳಿತು ಮಾತನಾಡುವಷ್ಟು ದನಿ. ನಡುವೆ ಆಳೆತ್ತರದ ಕಬ್ಬು, ಮುಚ್ಚಿದ ಕಿಟಕಿ, ತಲೆಯ ಮೇಲೆ ತಿರುಗುವ ಫ್ಯಾನ್. ಯಾರು ಏಳುತ್ತಾರೆ? ಎದ್ದವರೂ ಯಾವುದೋ ಗಾಡಿಯ ಸದ್ದೆಂದು ಮಗ್ಗುಲು ಬದಲಿಸುತ್ತಾರೆ. 10 ಡೆಸಿಬೆಲ್ ಹೆಚ್ಚಿನ ಸೈರನ್ ಹಾಕಿದರೂ ಈ ಕತೆ ಬದಲಾಗದು. ಸೈರನ್ ಬೇಡ ಎನ್ನುತ್ತಿಲ್ಲ. ನಿಮ್ಮಲ್ಲಿ ಕಳ್ಳರನ್ನು ಓಡಿಸಿದ್ದು ಅದೇ. ಆದರೆ ಅದರ ಕೆಲಸ ಕಳ್ಳನ ಎದೆ ನಡುಗಿಸುವುದು. ನಿಮಗೆ ಸುದ್ದಿ ಮುಟ್ಟಿಸುವುದು ಬೇರೆಯದೇ ಕೆಲಸ, ಅದಕ್ಕೆ ಬೇರೆಯದೇ ವ್ಯವಸ್ಥೆ ಬೇಕು.

ಆ ವ್ಯವಸ್ಥೆಯ ತಿರುಳನ್ನು ನಾನು ಎಂಜಿನಿಯರಿಂಗ್ ಪುಸ್ತಕದಲ್ಲಿ ಓದುವುದಕ್ಕೂ ಮೊದಲು ತಾತನಿಂದ ಕೇಳಿದ್ದೆ. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಅವರು ಅಟ್ಟಣೆಯ ಮೇಲೆ ಕುಳಿತು ರಾಗಿ ಹೊಲ ಕಾಯುತ್ತಿದ್ದರು. ಹಂದಿ ಬಂದಾಗ ಮಾತ್ರ ಕೂಗುತ್ತಿರಲಿಲ್ಲ. ಹೊತ್ತಿಗೊಮ್ಮೆ ಸುಮ್ಮನೆ ‘ಓ’ ಎಂದು ಕೂಗಬೇಕು, ಪಕ್ಕದ ಹೊಲದವರು ಓಗೊಡಬೇಕು. ಎರಡು ಬಾರಿ ಕೂಗಿದರೂ ಆ ಕಡೆಯಿಂದ ಓ ಬರಲಿಲ್ಲವೆಂದರೆ ಪಂಜು, ದೊಣ್ಣೆ ಹಿಡಿದು ಎದ್ದು ಹೋಗುತ್ತಿದ್ದರು. ಮಲಗಿದ್ದಾನೋ, ಹಾವು ಕಚ್ಚಿದೆಯೋ, ಏನೇ ಇರಲಿ, ಅಲ್ಲಿ ಕಾವಲು ಇಲ್ಲ ಎಂಬುದಂತೂ ಗೊತ್ತಾಯಿತಲ್ಲ! ನಿಮ್ಮ ಅಲಾರಂ ಕಳ್ಳ ಬಂದಾಗ ಮಾತ್ರ ಬಾಯಿ ತೆರೆಯಬೇಕಾದ ಅಲಾರಂ. ಉಳಿದ ಐದು ವರ್ಷ ಅದು ಮೌನವಾಗಿತ್ತು. ಆ ಮೌನ ಕ್ಷೇಮದ ಮೌನವೋ ಸಾವಿನ ಮೌನವೋ ಎಂದು ತಿಳಿಯುವ ದಾರಿಯೇ ನಿಮಗಿರಲಿಲ್ಲ.

ಈ ಪಾಠ ನನಗೆ ವೃತ್ತಿಯಲ್ಲಿ ಕಹಿಯಾಗಿಯೇ ದಕ್ಕಿತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ನಾನೇ ನಿಂತು ಅಲಾರಂ ಮಾಡಿಸಿದ್ದೆ. ಎರಡು ವರ್ಷದ ಬಳಿಕ ಬೇರೊಂದು ಕೆಲಸಕ್ಕೆ ಅಲ್ಲಿಗೆ ಹೋದವನು ಸುಮ್ಮನೆ ಪ್ಯಾನೆಲ್ಲಿನ ದಾಖಲೆ ತೆರೆದು ನೋಡಿದೆ. ಹನ್ನೊಂದು ದಿನದಿಂದ ಹೊರಗಿನ ಸಂಪರ್ಕವೇ ಇರಲಿಲ್ಲ. ರಸ್ತೆ ಅಗೆಯುವಾಗ ತಂತಿ ತುಂಡಾಗಿತ್ತು. ಕೀಪ್ಯಾಡಿನಲ್ಲಿ ಹಳದಿ ದೀಪವೊಂದು ಮಿನುಗುತ್ತಿತ್ತು. ಎಲ್ಲರೂ ಅದನ್ನು ನೋಡಿದ್ದರು, ಯಾರಿಗೂ ಅರ್ಥವಾಗಿರಲಿಲ್ಲ. ಕಳ್ಳತನ ಆಗಿರಲಿಲ್ಲ, ಯಾರೂ ನನ್ನನ್ನು ದೂರಲೂ ಇಲ್ಲ. ಆದರೆ ಆ ಹನ್ನೊಂದು ರಾತ್ರಿಗಳನ್ನು ನಾನು ಮರೆತಿಲ್ಲ.

ಹಾಗಾಗಿ ನೀವು ಯಾವ ಸಂಸ್ಥೆಯವರನ್ನೇ ಕರೆಯಿರಿ, ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಮ್ಮ ಪ್ಯಾನೆಲ್ ಸತ್ತರೆ ಎಷ್ಟು ಹೊತ್ತಿನೊಳಗೆ, ಯಾರಿಗೆ ಗೊತ್ತಾಗುತ್ತದೆ? ಅಲಾರಂ ಸಂದೇಶಗಳ ಸಾಗಣೆಗೆಂದೇ ಯುರೋಪಿನಲ್ಲಿ ಇಎನ್ 50136 ಎಂಬ ಮಾನಕ ಇದೆ. ಅದು ದರ್ಜೆಗಳನ್ನು ವಿಂಗಡಿಸುವಾಗ ಇದೇ ಪ್ರಶ್ನೆಯನ್ನು ಮುಖ್ಯ ಅಳತೆಗೋಲುಗಳಲ್ಲಿ ಒಂದಾಗಿ ಇಟ್ಟುಕೊಂಡಿದೆ. ಸಂದೇಶ ಸಾಗಲು ಒಂದೇ ದಾರಿಯಿರುವ ವ್ಯವಸ್ಥೆಗಳಲ್ಲಿ ತೀರಾ ಕೆಳಗಿನ ದರ್ಜೆಗೆ ದಾರಿ ಕಡಿದದ್ದು 32 ದಿನದೊಳಗೆ ತಿಳಿದರೆ ಸಾಕು. ಅದರ ಮೇಲಿನದಕ್ಕೆ 25 ಗಂಟೆ, ಆಮೇಲೆ 30 ನಿಮಿಷ, 3 ನಿಮಿಷ, 90 ಸೆಕೆಂಡ್, ಎಲ್ಲಕ್ಕೂ ಮೇಲಿನದಕ್ಕೆ 20 ಸೆಕೆಂಡ್. ನಮ್ಮ ಸುತ್ತಮುತ್ತ ಹಾಕಿರುವ ಬಹುಪಾಲು ಸಿಮ್ ಪೆಟ್ಟಿಗೆಗಳು ನಾನು ಕಂಡಂತೆ ಆ 32 ದಿನಗಳ ದರ್ಜೆಗೂ ನಿಲ್ಲುವುದಿಲ್ಲ, ಏಕೆಂದರೆ ಅವು ತಾವಾಗಿ ಒಮ್ಮೆಯೂ ‘ಓ’ ಎನ್ನುವುದಿಲ್ಲ. ಒಡವೆ ಇಡುವ ಕಟ್ಟಡಕ್ಕೆ ಮುಖ್ಯ ದಾರಿ 3 ನಿಮಿಷಕ್ಕೊಮ್ಮೆ ಓಗೊಡಲೇಬೇಕು ಎಂಬುದು ನನ್ನ ನಿಲುವು. ಡೇಟಾ ಖರ್ಚಿನ ಭಯ ಬೇಡ. 3 ನಿಮಿಷಕ್ಕೊಂದು ಎಂದರೆ ದಿನಕ್ಕೆ 480 ಬಾರಿ. ಒಂದೊಂದಕ್ಕೆ 200 ಬೈಟ್ ಹಿಡಿದರೂ ತಿಂಗಳಿಗೆ 3 ಎಂಬಿ ಆಗುವುದಿಲ್ಲ. ಮೊಬೈಲಿನಲ್ಲಿ ಒಂದು ಫೋಟೊ ಕಳಿಸಿದಷ್ಟು.

ಓಗೊಡುವುದು ಎರಡೂ ಕಡೆಯಿಂದ ಆಗಬೇಕು. ಅಲಾರಂ ಸಂದೇಶ ಹೋದಾಗ ಆ ತುದಿಯಿಂದ ‘ತಲುಪಿತು’ ಎಂಬ ಸ್ವೀಕೃತಿ ಬರುವವರೆಗೂ ಪ್ಯಾನೆಲ್ ಬಿಡದೆ ಕಳಿಸುತ್ತಿರಬೇಕು. ರಿಜಿಸ್ಟರ್ಡ್ ಅಂಚೆಗೆ ಹಿಂಬರಹದ ಚೀಟಿ ಮರಳಿ ಬರುತ್ತಿತ್ತಲ್ಲ, ಹಾಗೆ. ಎಸ್‌ಎಂಎಸ್‌ಗೆ ಈ ಗುಣವಿಲ್ಲ. ಅದು ಜಾಲದ ಯಾವುದೋ ಕಣಜದಲ್ಲಿ ಕುಳಿತು, ದಾರಿ ಸಿಕ್ಕಾಗ ಹೊರಡುವ ಪತ್ರ. ಎರಡು ಸೆಕೆಂಡಿಗೂ ಬರಬಹುದು, ಬೆಳಗಾದ ಮೇಲೂ ಬರಬಹುದು.

ದಾರಿಗಳು ಎರಡಿರಲಿ, ಅವು ನಿಜವಾಗಿಯೂ ಎರಡೇ ಎಂದು ಖಚಿತಪಡಿಸಿಕೊಳ್ಳಿ. ಎರಡು ಸಿಮ್ ಹಾಕಿದ್ದೇವೆ ಎಂದು ಹೆಮ್ಮೆಯಿಂದ ತೋರಿಸುವವರಿದ್ದಾರೆ. ಬೇರೆ ಬೇರೆ ಕಂಪನಿಗಳ ಆಂಟೆನಾಗಳು ಒಂದೇ ಟವರಿನಲ್ಲಿ ಇರುವುದು ನಮ್ಮ ದೇಶದಲ್ಲಿ ತೀರಾ ಸಾಮಾನ್ಯ. ಆ ಟವರಿನ ಡೀಸೆಲ್ ಮುಗಿದರೆ ಎರಡೂ ಸಿಮ್ ಒಟ್ಟಿಗೇ ಮಲಗುತ್ತವೆ. ಜೊತೆಗೆ, ಮೊಬೈಲ್ ತರಂಗ ತಡೆಯುವ ಜಾಮರ್ ಹಿಡಿದು ಬಂದ ಕಳ್ಳನಿಗೆ ಎರಡು ಸಿಮ್ಮೂ ಒಂದೇ, ಹತ್ತು ಸಿಮ್ಮೂ ಒಂದೇ. ನಿಮ್ಮಲ್ಲಿ ಗಣಕೀಕರಣಕ್ಕೆ ಫೈಬರ್ ಸಂಪರ್ಕ ಹೇಗೂ ಇರಬೇಕು. ಅದು ಮುಖ್ಯ ದಾರಿಯಾಗಲಿ, 4ಜಿ ಸಿಮ್ ಎರಡನೆಯದಾಗಲಿ. ಫೈಬರ್ ಕತ್ತರಿಸಿದರೆ ಸಿಮ್ ಹೇಳುತ್ತದೆ, ಸಿಮ್ ತಡೆದರೆ ಫೈಬರ್ ಹೇಳುತ್ತದೆ. ಎರಡೂ ಒಟ್ಟಿಗೆ ನಿಂತರೆ 3 ನಿಮಿಷದ ಓ ತಪ್ಪಿ ನಿಗಾ ಕೇಂದ್ರವೇ ಎಚ್ಚರಗೊಳ್ಳುತ್ತದೆ.

ಇಲ್ಲೊಂದು ಗುಂಡಿಯಿದೆ, ನನ್ನ ಪರಿಚಯದ ಒಳ್ಳೊಳ್ಳೆಯ ತಂತ್ರಜ್ಞರೂ ಅದರಲ್ಲಿ ಬಿದ್ದಿದ್ದಾರೆ. ಹಳೆಯ ತಾಮ್ರದ ತಂತಿಯ ದೂರವಾಣಿಗೆ ವಿನಿಮಯ ಕೇಂದ್ರದ ಬ್ಯಾಟರಿಗಳಿಂದಲೇ 48 ವೋಲ್ಟ್ ಬರುತ್ತಿತ್ತು. ಊರಿಗೆ ಊರೇ ಕತ್ತಲಾದರೂ ಫೋನ್ ನಡೆಯುತ್ತಿತ್ತು. ಫೈಬರ್ ಹಾಗಲ್ಲ. ಗೋಡೆಯ ಮೇಲಿನ ಆ ಚಿಕ್ಕ ಫೈಬರ್ ಪೆಟ್ಟಿಗೆ ಮತ್ತು ರೂಟರ್ ನಿಮ್ಮ ಕಟ್ಟಡದ ಕರೆಂಟನ್ನೇ ನಂಬಿವೆ. ಪ್ಯಾನೆಲ್ಲಿಗೆ ದೊಡ್ಡ ಬ್ಯಾಟರಿ ಕೊಟ್ಟು, ರೂಟರನ್ನು ಕಚೇರಿಯ ಸಾಮಾನ್ಯ ಪ್ಲಗ್ಗಿಗೆ ಸಿಕ್ಕಿಸಿ, ಸಂಜೆ ಮನೆಗೆ ಹೋಗುವಾಗ ಮೇನ್ ಸ್ವಿಚ್ ಆರಿಸಿ ಹೋಗುವ ಕಚೇರಿಗಳನ್ನು ನಾನು ಎಣಿಸಲಾರೆ. ಅಲ್ಲಿ ಪ್ರತಿ ರಾತ್ರಿಯೂ ಮುಖ್ಯ ದಾರಿ ಮುಚ್ಚಿರುತ್ತದೆ. ಇವೆರಡಕ್ಕೂ ಪ್ಯಾನೆಲ್ಲಿನಷ್ಟೇ ಹೊತ್ತು ಬರುವ ಪ್ರತ್ಯೇಕ ಬ್ಯಾಟರಿ ಕೊಡಿ, ಯಾರ ಕೈಗೂ ಸುಲಭವಾಗಿ ಸಿಗದಂತೆ ಪೆಟ್ಟಿಗೆಯೊಳಗೆ ಬೀಗ ಹಾಕಿಡಿ. ಇನ್ನೊಂದು ಮಾತು: ನಿಮ್ಮ ಪ್ಯಾನೆಲ್ ದೂರವಾಣಿ ತಂತಿಯ ಮೇಲೆ ಸ್ವರಗಳ ಮೂಲಕ ಸುದ್ದಿ ಕಳಿಸುವ ಹಳೆಯ ಬಗೆಯದಾದರೆ, ಅದನ್ನು ಫೈಬರಿನ ದೂರವಾಣಿಗೆ ಜೋಡಿಸಿ ತೃಪ್ತಿಪಡಬೇಡಿ. ಮನುಷ್ಯರ ಮಾತನ್ನು ಹಿಂಡಿ ಸಾಗಿಸುವ ಜಾಲಗಳಲ್ಲಿ ಆ ಸ್ವರಗಳು ಕೆಡುತ್ತವೆ. ಹತ್ತು ಬಾರಿ ಹೋಗಿ ಹನ್ನೊಂದನೆಯ ಬಾರಿ ಕೈಕೊಡುತ್ತದೆ. ನೇರ ಇಂಟರ್ನೆಟ್ ಮೂಲಕ ಕಳಿಸುವ ಮಾಡ್ಯೂಲನ್ನೇ ಹಾಕಿಸಿ.

ಬ್ಯಾಟರಿಯ ಲೆಕ್ಕವನ್ನು ಗುತ್ತಿಗೆದಾರರಿಗೆ ಬಿಡದೆ ನೀವೇ ಹಾಕಿ, ಸಂಘದ ಜಮಾಖರ್ಚು ಬರೆಯುವವರಿಗೆ ಇದು ಕಷ್ಟವಲ್ಲ. ಪ್ಯಾನೆಲ್ ಮತ್ತು ಕೀಪ್ಯಾಡಿಗೆ 120 ಮಿಲಿಆಂಪಿಯರ್, ಸಂಪರ್ಕ ಮಾಡ್ಯೂಲಿಗೆ ಸರಾಸರಿ 80, ಎಂಟು ಸೆನ್ಸರುಗಳಿಗೆ ತಲಾ 15ರಂತೆ 120 ಎನ್ನೋಣ. ಒಟ್ಟು 320. ಹೊಚ್ಚಹೊಸ 7 ಆಂಪಿಯರ್-ಗಂಟೆ ಬ್ಯಾಟರಿ ಕಾಗದದ ಮೇಲೆ 22 ಗಂಟೆ ಬರುತ್ತದೆ, ಶಕ್ತಿ ಅರ್ಧಕ್ಕಿಳಿದ ಮುದಿ ಬ್ಯಾಟರಿ 11 ಗಂಟೆ. ಮುಂಗಾರಿಗೆ ಮುಂಚಿನ ಬಿರುಗಾಳಿಯಲ್ಲಿ ಮರ ಬಿದ್ದು ಕಂಬ ಮುರಿದರೆ ಹಳ್ಳಿಗಳಲ್ಲಿ ಇಡೀ ದಿನ ಕರೆಂಟ್ ಇಲ್ಲದಿರುವುದು ಹೊಸದೇನಲ್ಲ. 24 ಗಂಟೆಗೆ ಲೆಕ್ಕ ಹಾಕಿದರೆ 7.68, ಸೈರನ್ ಕಾಲು ಗಂಟೆ ಕೂಗಲು 0.25, ಮುಪ್ಪಿಗೆಂದು ಕಾಲು ಭಾಗ ಸೇರಿಸಿದರೆ ಹತ್ತರ ಹತ್ತಿರ. ಅಂದರೆ 12 ಆಂಪಿಯರ್-ಗಂಟೆಯ ಬ್ಯಾಟರಿ. ಅಷ್ಟು ದೊಡ್ಡದನ್ನು ತುಂಬುವ ಶಕ್ತಿ ಪ್ಯಾನೆಲ್ಲಿನ ಚಾರ್ಜರಿಗೆ ಇದೆಯೇ ಎಂದೂ ಕೇಳಿ. ಹಾಕಿದ ತಾರೀಖನ್ನು ಬ್ಯಾಟರಿಯ ಮೇಲೆಯೇ ಮಾರ್ಕರಿನಿಂದ ಬರೆಸಿ. ಮೂರು ವರ್ಷವಾದೊಡನೆ, ಚೆನ್ನಾಗಿಯೇ ಇದೆ ಎಂದು ಯಾರು ಹೇಳಿದರೂ ಕೇಳದೆ ಬದಲಿಸಿ.

ಈಗ ತಂತಿಗಳ ಕಡೆಗೆ. ಸೆನ್ಸರಿನಿಂದ ಪ್ಯಾನೆಲ್ಲಿಗೆ ಬರುವ ತಂತಿಯೂ ಓಗೊಡಬೇಕು, ಅದಕ್ಕೊಂದು ಸರಳ ಉಪಾಯವಿದೆ. ತಂತಿಯ ಕೊನೆಯಲ್ಲಿ, ಎಂದರೆ ಸೆನ್ಸರಿನೊಳಗೆ, ಗೊತ್ತಾದ ಬೆಲೆಯ ಒಂದು ರೆಸಿಸ್ಟರ್, ಎಂದರೆ ಕರೆಂಟಿನ ಹರಿವಿಗೆ ಅಡ್ಡಿಯೊಡ್ಡುವ ಪುಟ್ಟ ಬಿಡಿಭಾಗ, ಕೂರಿಸುತ್ತಾರೆ. ಕೆಲವು ಪ್ಯಾನೆಲ್ಲುಗಳಲ್ಲಿ ಅದು 2.2 ಕಿಲೋಓಮ್, ಇನ್ನು ಕೆಲವುಗಳಲ್ಲಿ 4.7 ಅಥವಾ 5.6. ಪ್ಯಾನೆಲ್ ಸದಾ ಅದನ್ನು ಅಳೆಯುತ್ತಿರುತ್ತದೆ. ತಂತಿ ಕತ್ತರಿಸಿದರೆ ಅಳತೆ ಅನಂತಕ್ಕೆ ಹಾರುತ್ತದೆ, ಹಗಲಲ್ಲಿ ಯಾರೋ ಎರಡು ತಂತಿಗಳನ್ನು ಸೇರಿಸಿ ಹೊಸೆದು ಸೆನ್ಸರನ್ನು ಕುರುಡಾಗಿಸಿದರೆ ಸೊನ್ನೆಗೆ ಬೀಳುತ್ತದೆ. ಎರಡನ್ನೂ ಪ್ಯಾನೆಲ್ ಹಿಡಿಯುತ್ತದೆ. ಎರಡು ರೆಸಿಸ್ಟರ್ ಹಾಕಿದರೆ ಅಲಾರಂ ಯಾವುದು, ಕಿಡಿಗೇಡಿತನ ಯಾವುದು ಎಂದೂ ಬೇರ್ಪಡಿಸಿ ಹೇಳುತ್ತದೆ. ಆದರೆ ಕೆಲಸ ಬೇಗ ಮುಗಿಸುವ ಆತುರದಲ್ಲಿ ಈ ರೆಸಿಸ್ಟರುಗಳನ್ನೆಲ್ಲ ಪ್ಯಾನೆಲ್ ಪೆಟ್ಟಿಗೆಯೊಳಗೇ ಸಿಕ್ಕಿಸಿ ಹೋಗುತ್ತಾರೆ. ಹಾಗೆ ಮಾಡಿದರೆ ಪ್ಯಾನೆಲ್ ತನ್ನ ಹೊಟ್ಟೆಯನ್ನೇ ತಾನು ಮುಟ್ಟಿ ನೋಡಿಕೊಂಡು ‘ಎಲ್ಲ ಕ್ಷೇಮ’ ಎನ್ನುತ್ತದೆ. ನಿಮ್ಮ ಪೆಟ್ಟಿಗೆ ತೆರೆಸಿ ನೋಡಿ. ಸಾಲಾಗಿ ಪಟ್ಟೆ ಪಟ್ಟೆಯ ಪುಟ್ಟ ಕಾಳುಗಳು ಟರ್ಮಿನಲ್ಲುಗಳಲ್ಲೇ ಕಂಡರೆ ಅವನ್ನು ಕಿತ್ತು ಸೆನ್ಸರುಗಳಲ್ಲಿ ಹಾಕಿಸಿ. ಒಂದು ದಿನದ ಕೆಲಸ. ಹೊಸ ಸೈರನ್ನಿಗಿಂತ ಹತ್ತು ಪಾಲು ಬೆಲೆಯುಳ್ಳದ್ದು.

ಗೋದಾಮಿನಲ್ಲಿ ಇನ್ನೊಂದು ಶತ್ರು ಇದೆ. ಯೂರಿಯಾ, ಪೊಟ್ಯಾಷ್ ಗಾಳಿಯ ತೇವ ಹೀರಿ ಲೋಹವನ್ನು ತಿನ್ನುತ್ತವೆ, ಮಳೆಗಾಲದಲ್ಲಿ ಟರ್ಮಿನಲ್ಲುಗಳು ಹಸಿರುಗಟ್ಟುತ್ತವೆ. ಪ್ಯಾನೆಲ್ ಗೋದಾಮಿನ ಗೋಡೆಯಲ್ಲಿದ್ದರೆ ಅಲ್ಲಿಂದ ತೆಗೆದು ಲಾಕರ್ ಕೋಣೆಯ ಬದಿಗೆ ತನ್ನಿ. ಲಾಕರ್ ಗೋಡೆಗೆ ಕಂಪನ ಹಿಡಿಯುವ ಸೆನ್ಸರ್ ಇರಲಿ, ಅದು ಕೊರೆಯುವ ಹಂತದಲ್ಲೇ ಎಚ್ಚರಿಸುತ್ತದೆ, ಒಳಗೆ ಬಂದ ಮೇಲಲ್ಲ.

ಸುಳ್ಳು ಅಲಾರಂ ಬಗ್ಗೆ ನೀವು ಕೇಳಿಲ್ಲ, ಆದರೆ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಮೈಶಾಖದಿಂದ ಚಲನೆ ಗುರುತಿಸುವ ಸೆನ್ಸರಿನ ಪ್ಲಾಸ್ಟಿಕ್ ಮುಖದ ಮೇಲೆ ಹಲ್ಲಿಯೊಂದು ಹರಿದರೆ ಅದಕ್ಕೆ ಆನೆ ಬಂದಂತೆ ಕಾಣುತ್ತದೆ. ಇಲಿ, ಬಾವಲಿ, ಹಾರುವ ಗೋಣಿಚೀಲ, ಎಲ್ಲವೂ ಎಬ್ಬಿಸುತ್ತವೆ. ವಾರಕ್ಕೆರಡು ಬಾರಿ ಸುಮ್ಮಸುಮ್ಮನೆ ಎದ್ದ ಅಧ್ಯಕ್ಷರು ಮೂರನೆಯ ವಾರ ಫೋನನ್ನು ಸೈಲೆಂಟಿಗೆ ಹಾಕುತ್ತಾರೆ. ಅಲ್ಲಿಗೆ ನಾವು ಕಟ್ಟಿದ ಎರಡು ದಾರಿ, ಬ್ಯಾಟರಿ, ರೆಸಿಸ್ಟರ್ ಎಲ್ಲವೂ ವ್ಯರ್ಥ. ಬ್ರಿಟನ್ನಿನಲ್ಲಿ ಒಂದು ಕಟ್ಟಡದಿಂದ 12 ತಿಂಗಳಲ್ಲಿ ಮೂರು ಸುಳ್ಳು ಕರೆ ಹೋದರೆ ಆ ಅಲಾರಂ ಕರೆಗೆ ಪೊಲೀಸರು ಬರುವುದನ್ನೇ ನಿಲ್ಲಿಸುವ ನೀತಿಯಿದೆ. ನಮ್ಮ ಠಾಣೆಯವರದ್ದೂ ಮನುಷ್ಯರ ಮನಸ್ಸೇ, ಎರಡು ಬಾರಿ ಸುಮ್ಮನೆ ಬಂದವರು ಮೂರನೆಯ ಬಾರಿ ಚಹಾ ಮುಗಿಸಿಯೇ ಹೊರಡುತ್ತಾರೆ. ಆದ್ದರಿಂದ ಗೋದಾಮಿನಲ್ಲಿ ಮೈಶಾಖ ಮತ್ತು ಮೈಕ್ರೋವೇವ್ (ರೇಡಿಯೋ ಅಲೆ ಬೀರಿ ಚಲನೆ ಹಿಡಿಯುವ ಬಗೆ) ಎರಡೂ ಒಪ್ಪಿದರೆ ಮಾತ್ರ ಏಳುವ ಜೋಡಿ ಸೆನ್ಸರುಗಳಿರಲಿ. ಬೇರೆ ಬೇರೆ ಜಾಗದ ಎರಡು ಸೆನ್ಸರುಗಳು ಒಂದರ ಹಿಂದೊಂದು ಎದ್ದರೆ ಅದು ಖಚಿತ ಅಲಾರಂ ಎಂದು ತಕ್ಷಣ 112ಕ್ಕೆ ಕರೆ ಹೋಗಲಿ. ಒಂದೇ ಎದ್ದರೆ ನಿಗಾ ಕೇಂದ್ರದವರು ಮೊದಲು ಕ್ಯಾಮೆರಾದಲ್ಲಿ ನೋಡಲಿ. ಲಾಕರಿನ ಕಂಪನಕ್ಕೆ ಮಾತ್ರ ಈ ಕಾಯುವಿಕೆ ಬೇಡ.

ನಿಗಾ ಕೇಂದ್ರವೋ ಆ್ಯಪೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಕೇಂದ್ರ. ಆ್ಯಪ್ ಜೊತೆಗಿರಲಿ, ಅದನ್ನೇ ನಂಬಬೇಡಿ. ಬ್ಯಾಟರಿ ಉಳಿಸುವ ಹೆಸರಿನಲ್ಲಿ ಮೊಬೈಲುಗಳು ಹಿನ್ನೆಲೆಯ ಆ್ಯಪುಗಳನ್ನು ಮಲಗಿಸಿಬಿಡುತ್ತವೆ. ರಾತ್ರಿ ಬಂದ ಸೂಚನೆ ಬೆಳಿಗ್ಗೆ ಶುಭೋದಯದ ಸಂದೇಶಗಳ ನಡುವೆ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ಯಾನೆಲ್ಲಿನ ಓ ನಿಂತಾಗ ಎದ್ದು ಕೂರಲು ಎಚ್ಚರವಿರುವ ಒಬ್ಬರು ಬೇಕು. ಮಲಗಿರುವ ನಿಮ್ಮಿಂದ ಆ ಕೆಲಸ ಆಗದು.

ಆದರೆ ಕೇಂದ್ರವನ್ನು ಕಣ್ಣಾರೆ ನೋಡದೆ ಹಣ ಕಟ್ಟಬೇಡಿ. ಮುನ್ಸೂಚನೆ ಕೊಟ್ಟು ಹಗಲಲ್ಲಿ ಹೋದರೆ ಗೋಡೆ ತುಂಬ ಪರದೆ, ಕಾಫಿ, ಬಿಸ್ಕತ್ತು. ರಾತ್ರಿ ಎರಡು ಗಂಟೆಗೆ ಹೋಗಿ. ಮದ್ದೂರಿನಿಂದ ಮೈಸೂರಿಗೆ ಆ ಹೊತ್ತಿನಲ್ಲಿ ಒಂದು ಗಂಟೆಯ ದಾರಿ. ಎಷ್ಟು ಜನ ಎಚ್ಚರವಾಗಿದ್ದಾರೆ, ಒಬ್ಬರು ಎದ್ದು ಹೋದರೆ ಇನ್ನೊಬ್ಬರಿದ್ದಾರೆಯೇ, ಅವರ ಕರೆಂಟ್ ಹೋದರೆ ಏನು, ಅವರ ಇಂಟರ್ನೆಟ್ ಹೋದರೆ ಏನು, ಎಲ್ಲ ಕೇಳಿ. ಒಬ್ಬರ ಪರದೆಗೆ ಗಂಟೆಗೆ ಎಷ್ಟು ಅಲಾರಂ ಬೀಳುತ್ತದೆ ಎಂದೂ ಕೇಳಿ. ಕಾರ್ಖಾನೆಗಳ ನಿಯಂತ್ರಣ ಕೋಣೆಗಳಿಗಾಗಿ ಬ್ರಿಟನ್ನಿನಲ್ಲಿ ರೂಪಿಸಿದ ಇಇಎಂಯುಎ 191 ಎಂಬ ಮಾರ್ಗದರ್ಶಿ, ಸರಾಸರಿ 10 ನಿಮಿಷಕ್ಕೆ ಒಂದಕ್ಕಿಂತ ಕಡಿಮೆ ಅಲಾರಂ ಬಂದರೆ ಒಬ್ಬ ಮನುಷ್ಯ ಅದನ್ನು ಸರಿಯಾಗಿ ನಿಭಾಯಿಸಬಲ್ಲ ಎನ್ನುತ್ತದೆ. ಮನುಷ್ಯನ ಗಮನಕ್ಕೆ ಇರುವ ಮಿತಿ ಕಾರ್ಖಾನೆಯಲ್ಲೂ ನಿಗಾ ಕೇಂದ್ರದಲ್ಲೂ ಒಂದೇ. ನಿಮಿಷಕ್ಕೆ ನಾಲ್ಕು ಬೀಳುತ್ತಿದ್ದರೆ, ಆ ಕುರ್ಚಿಯಲ್ಲಿರುವ ಹುಡುಗ ನೋಡದೆಯೇ ಗುಂಡಿ ಒತ್ತುತ್ತಿದ್ದಾನೆ ಎಂದರ್ಥ. ಅದು ಅವನ ತಪ್ಪೂ ಅಲ್ಲ.

ಒಪ್ಪಂದಕ್ಕೆ ಸಹಿ ಹಾಕಿದರೆ, ತಿಂಗಳಿಗೊಮ್ಮೆ ನಿಮ್ಮ ಪ್ಯಾನೆಲ್ಲಿನ ಘಟನೆಗಳ ಪಟ್ಟಿ ಕೊಡಬೇಕೆಂಬ ಷರತ್ತು ಬರೆಸಿ. ಬಹಳ ಕೇಂದ್ರಗಳು ಇಂದಿಗೂ ಕಾಂಟ್ಯಾಕ್ಟ್ ಐಡಿ ಎಂಬ ಹಳೆಯ ಸಂಕೇತ ಪದ್ಧತಿಯನ್ನೇ ಬಳಸುತ್ತವೆ, ನಾಲ್ಕಂಕಿಯ ಗ್ರಾಹಕ ಸಂಖ್ಯೆ, ಮೂರಂಕಿಯ ಘಟನೆ. 130 ಎಂದರೆ ಕಳ್ಳರು, 301 ಕರೆಂಟ್ ಹೋಗಿದೆ, 302 ಬ್ಯಾಟರಿ ಇಳಿದಿದೆ, 121 ಎಂದರೆ ಯಾರೋ ಬೆದರಿಸಿ ಸಂಕೇತ ಸಂಖ್ಯೆ ಒತ್ತಿಸುತ್ತಿದ್ದಾರೆ, 602 ಎಂದರೆ ನಿತ್ಯದ ಪರೀಕ್ಷಾ ಸಂದೇಶ. ದಿನಕ್ಕೊಂದು ಪರೀಕ್ಷೆ ಎಂದು ಹೊಂದಿಸಿದ್ದರೆ ಜೂನ್ ತಿಂಗಳ ಪಟ್ಟಿಯಲ್ಲಿ ಮೂವತ್ತು 602 ಇರಬೇಕು. ಇಪ್ಪತ್ತೊಂಬತ್ತಿದ್ದರೆ ಆ ಒಂದು ದಿನ ಏನಾಯಿತು ಎಂದು ಬರವಣಿಗೆಯಲ್ಲಿ ಕೇಳಿ. ಕರೆಂಟ್ ಹೋದ ದಿನ ನಿಮ್ಮ ನೆನಪಿನಲ್ಲಿದ್ದು ಪಟ್ಟಿಯಲ್ಲಿ 301 ಕಾಣದಿದ್ದರೆ ಎರಡು ಪಟ್ಟು ಜೋರಾಗಿ ಕೇಳಿ. ಇಂದು ನಿಮ್ಮಲ್ಲಿ ಹೀಗೊಂದು ಪಟ್ಟಿ ಇದ್ದಿದ್ದರೆ, ಬ್ಯಾಟರಿ ಇಳಿದದ್ದು ಆ ರಾತ್ರಿಗಿಂತ ಎಷ್ಟೋ ತಿಂಗಳ ಮೊದಲೇ ಅದರಲ್ಲಿ ಕಾಣುತ್ತಿತ್ತು.

ಕರೆಯ ಸರದಿಯನ್ನೂ ಕೂತು ಬರೆಯಿರಿ. ಅಧ್ಯಕ್ಷರ ಸ್ಥಾನಮಾನಕ್ಕೆ ಅವರ ಹೆಸರು ಮೊದಲಿರಬೇಕು ಎಂಬುದು ಸಭೆಯಲ್ಲಿ ಬರುವ ಮಾತು. ಮೊದಲಿರಬೇಕಾದದ್ದು ಕಟ್ಟಡಕ್ಕೆ ಹತ್ತಿರದಲ್ಲಿ ಮಲಗುವವರು, ಫೋನ್ ಎತ್ತುವವರು. ಕರೆ ಎತ್ತಿದರೆ ಸಾಲದು, ‘1 ಒತ್ತಿ’ ಎಂದಾಗ ಒತ್ತಬೇಕು ಅಥವಾ ಗುಟ್ಟಿನ ಪದ ಹೇಳಬೇಕು. 60 ಸೆಕೆಂಡಿನಲ್ಲಿ ಅದು ಆಗದಿದ್ದರೆ ಕರೆ ಮುಂದಿನವರಿಗೆ ಹೋಗಬೇಕು. ಠಾಣೆಗೆ ಮೊದಲೇ ಹೋಗಿ ಕಟ್ಟಡದ ನಕ್ಷೆ, ದಾರಿಯ ಗುರುತು, ಬೀಗದ ಕೈ ಯಾರಲ್ಲಿದೆ ಎಂಬ ವಿವರ ಕೊಟ್ಟು ಬನ್ನಿ. ಕತ್ತಲಲ್ಲಿ ‘ಸೊಸೈಟಿ ಹತ್ತಿರ ಬನ್ನಿ’ ಎಂದರೆ ಗಸ್ತಿನ ಗಾಡಿ ಯಾವ ಊರಿನ ಸೊಸೈಟಿಗೆ ಬರಬೇಕು? ಇನ್ನು, ಯಾರೂ ಒಬ್ಬರೇ ಕಟ್ಟಡದೊಳಗೆ ಹೋಗಬಾರದು. ಇದನ್ನು ಮಂಡಳಿಯ ನಡಾವಳಿಯಲ್ಲೇ ಬರೆಯಿರಿ. ಒಡವೆಗೆ ವಿಮೆ ಮಾಡಿಸಬಹುದು.

ಕಾವಲುಗಾರರನ್ನು ಬಿಡಬೇಡಿ. ಸೆನ್ಸರಿಗೆ ಹಲ್ಲಿಯೂ ಒಂದೇ ಆನೆಯೂ ಒಂದೇ. ಅಪರಿಚಿತ ಬೈಕೊಂದು ಮೂರು ಸಂಜೆ ಕಟ್ಟಡದ ಮುಂದೆ ನಿಧಾನಿಸಿತು ಎಂಬುದು ಅವರ ಕಣ್ಣಿಗೆ ಮಾತ್ರ ಬೀಳುತ್ತದೆ. ಆದರೆ ಅವರನ್ನು ಈ ಓಗೊಡುವ ಸರಪಳಿಯೊಳಗೆ ತನ್ನಿ. ಕಟ್ಟಡದ ನಾಲ್ಕು ಮೂಲೆಗಳಲ್ಲಿ ಒತ್ತುವ ಗುಂಡಿ ಅಥವಾ ಕಾರ್ಡ್ ತಾಗಿಸುವ ಪಟ್ಟಿ ಇರಲಿ, 45 ನಿಮಿಷಕ್ಕೊಮ್ಮೆ ಅವರು ಸುತ್ತಿ ಬರಲಿ. ಒಂದು ಸುತ್ತು ತಪ್ಪಿದರೆ ಕೇಂದ್ರದವರು ಅವರಿಗೆ ಫೋನ್ ಮಾಡಲಿ, ಎತ್ತದಿದ್ದರೆ ನಿಮಗೆ ಮಾಡಲಿ. ಇದು ಅವರ ಮೇಲಿನ ಅಪನಂಬಿಕೆಯೆಂದು ಅವರಿಗೆ ಅನ್ನಿಸದಂತೆ ನೀವೇ ಕೂತು ವಿವರಿಸಿ. ವಯಸ್ಸಾದವರೊಬ್ಬರು ಕತ್ತಲಲ್ಲಿ ಒಂಟಿಯಾಗಿ ಬಿದ್ದರೆ ಮುಕ್ಕಾಲು ಗಂಟೆಯೊಳಗೆ ಯಾರಾದರೂ ಹುಡುಕಿಕೊಂಡು ಬರುತ್ತಾರೆ ಎಂಬುದು ಇದರ ಅರ್ಥ. ಸೊಂಟಕ್ಕೆ ಕಟ್ಟುವ ತುರ್ತು ಗುಂಡಿಯೊಂದನ್ನೂ ಕೊಡಿ. ಅವರು ರಜೆ ಹಾಕಿದ ರಾತ್ರಿ ಬದಲಿ ಯಾರು ಎಂಬುದು ಕೇಂದ್ರದ ಪಟ್ಟಿಯಲ್ಲಿ ಸಂಜೆ ಆರರೊಳಗೆ ನಮೂದಾಗಿರಲಿ.